ಗಾಳಿಯಿಂದ ಬರಬೇಕಿದ್ದ ಹೆಸರು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ನಮ್ಮ ಮಾಳಿಗೆಯ ಮೇಲಿದ್ದ ಗಾಳಿಯ ಗಾಲಿಗೆ ಎರಡು ರೆಕ್ಕೆಗಳಿದ್ದವೋ ಮೂರೋ ನನಗೆ ಖಚಿತವಿಲ್ಲ. ಕಣ್ಣು ಮುಚ್ಚಿದರೆ ಮೂರು ಕಾಣುತ್ತವೆ. ಆದರೆ ಕಾಲೇಜಿನಲ್ಲಿದ್ದಾಗ ಧಾರವಾಡದ ವಾಚನಾಲಯದಲ್ಲಿ ಒಂದು ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಅಂಥದೇ ಗಾಲಿಯ ಚಿತ್ರ ನೋಡಿದ್ದೆ, ಅದಕ್ಕೆ ಮೂರಿದ್ದವು. ಆ ಚಿತ್ರವೇ ಬಂದು ನಮ್ಮ ಮಾಳಿಗೆಯ ಮೇಲೆ ಕೂತಿದ್ದರೂ ಕೂತಿರಬಹುದು. ದಿನಚರಿ ಬರೆಯುವ ರೂಢಿ ನನಗೆ ಹತ್ತಿದ್ದು ಆಮೇಲೆ. ಆಗಿನದಕ್ಕೆ ನೆನಪೊಂದೇ ಇದೆ. ಅದು ಹೇಳಿಕೊಂಡ ಪ್ರತಿ ಸಲವೂ ಕೊಂಚ ಬದಲಾಗುತ್ತದೆ ಎಂಬುದನ್ನು ನಾನು ನನ್ನಲ್ಲೇ ಕಂಡಿದ್ದೇನೆ.

ಸದ್ದು ಮಾತ್ರ ನನ್ನದೇ. ಜೋಳದ ಒಣ ರವದಿಯ ಮೇಲೆ ದನ ನಡೆದಂಥ ಸದ್ದು. ಅದು ಯಾವ ಪತ್ರಿಕೆಯಲ್ಲೂ ಇರಲಿಲ್ಲ.

ನಮ್ಮ ಊರು ಅಕ್ಕಿಆಲೂರಿನಿಂದ ತಿಳವಳ್ಳಿಗೆ ಹೋಗುವ ದಾರಿಯಲ್ಲಿದೆ. ಅಪ್ಪನಿಗೆ ಭತ್ತದ ಗದ್ದೆಗಳಿದ್ದವು, ಸಣ್ಣ ಅಕ್ಕಿಯ ವ್ಯಾಪಾರವೂ ಇತ್ತು. ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮುಂಚೆ ಅವರು ಒಂದು ರೇಡಿಯೋ ತಂದರು. ಊರಿನಲ್ಲಿ ವಿದ್ಯುತ್ತು ಎಂಬ ಮಾತೇ ಇರಲಿಲ್ಲ. ಆ ರೇಡಿಯೋ ಮೋಟಾರಿನ ಬ್ಯಾಟರಿಯಿಂದ ನಡೆಯುವಂಥದು. ಬ್ಯಾಟರಿ ಖಾಲಿಯಾದಾಗ ಬಸ್ಸಿನ ಮೇಲೆ ಹೇರಿ ಶಿಗ್ಗಾಂವಿಗೆ ಕಳಿಸಬೇಕು. ಅಲ್ಲಿ ದೊಡ್ಡ ರಸ್ತೆಯ ಬದಿಯ ಮೋಟಾರು ಅಂಗಡಿಯವನು ಅದನ್ನು ತುಂಬಿಸಿ ಕಳಿಸುತ್ತಿದ್ದ. ಈ ವ್ಯವಸ್ಥೆಯನ್ನೆಲ್ಲ ಮಾಡಿದವನು ನನ್ನ ಅಣ್ಣ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾಕೆಂಬುದು ಮುಂದೆ ತಿಳಿಯಬಹುದು, ತಿಳಿಯದಿದ್ದರೂ ನಡೆಯುತ್ತದೆ.

ಅಣ್ಣನಿಗೆ ಯಂತ್ರಗಳೆಂದರೆ ಪ್ರಾಣ. ಮದುವೆಯಾದ ಮರುವರ್ಷ ಬೆಳಗಾವಿಗೆ ಹೋಗಿ ಸೈನ್ಯ ಸೇರಿದ. ಪಗಾರಕ್ಕಲ್ಲ, ತಂತಿ ಮತ್ತು ವೈರ್‌ಲೆಸ್ಸಿನ ಕೆಲಸ ಕಲಿಸುತ್ತಾರೆಂಬ ಆಸೆಗೆ. ಹೊರಡುವ ದಿನ ಅವ್ವ ಅಳುತ್ತಿದ್ದಾಗ ರೇಡಿಯೋದ ನೆತ್ತಿಯನ್ನು ತಟ್ಟಿ, "ಯವ್ವಾ, ನಾ ಅಲ್ಲಿಂದ ಮಾತಾಡತೇನಿ, ನೀ ಇಲ್ಲೇ ಕುಂತು ಕೇಳು. ಊಟ ಆತೇನಂತ ದಿನಾ ಕೇಳತೇನಿ," ಎಂದ. ನಗಿಸಲು ಆಡಿದ ಮಾತು. ಅವ್ವ ನಗಲಿಲ್ಲ, ಮರೆಯಲೂ ಇಲ್ಲ.

ಅವನ ಪಲ್ಟನ್ನನ್ನು ಸಿಂಗಾಪುರಕ್ಕೆ ಕಳಿಸಿದ್ದರು. ಸಿಂಗಾಪುರ ಜಪಾನಿನವರ ಕೈಗೆ ಬಿದ್ದ ಮೇಲೆ ಅವನ ಕಾಗದಗಳು ನಿಂತವು. ಅದೇ ಹೊತ್ತಿಗೆ ನಮ್ಮ ರೇಡಿಯೋವೂ ನಿಂತಿತ್ತು. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಲಿಯ ಡ್ರಮ್ಮು ಕಟ್ಟಿಕೊಂಡು ಕೆಮ್ಮುತ್ತ ಓಡಾಡುತ್ತಿದ್ದವು; ಬ್ಯಾಟರಿಯ ಆಮ್ಲ ಚೆಲ್ಲಿ ಯಾರದೋ ಧೋತರ ಸುಟ್ಟಿತೆಂದು ಡ್ರೈವರು ಅದನ್ನು ಹೇರಿಕೊಳ್ಳಲು ಒಪ್ಪುತ್ತಿರಲಿಲ್ಲ. ಶಿಗ್ಗಾಂವಿಯ ಅಂಗಡಿಯವನೂ ಆ ಕೆಲಸ ಬಿಟ್ಟಿದ್ದ.

ಆಗ ಸವಣೂರಿನಿಂದ ಮಿಸ್ತ್ರಿ ಬಂದ. ಟಾಂಗಾದಿಂದ ಹಿಡಿದು ಮೋಟಾರಿನವರೆಗೆ ಎಲ್ಲವನ್ನೂ ರಿಪೇರಿ ಮಾಡುವೆನೆನ್ನುತ್ತಿದ್ದ ಮುಸಲ್ಮಾನ. ಅರ್ಧ ಮಾಡುತ್ತಿದ್ದ, ಇನ್ನರ್ಧ ಮಾತಿನಲ್ಲಿ ತುಂಬುತ್ತಿದ್ದ. ಊರ ಗಿರಣಿಯ ಪಟ್ಟಾ ಬದಲಿಸಲು ಬಂದವನು ನಮ್ಮ ಪಡಸಾಲೆಯಲ್ಲಿ ಕೂತು, ಬಾಯಲ್ಲಿ ಸವಣೂರಿನ ವೀಳ್ಯದೆಲೆ ಹಾಕಿಕೊಂಡೇ ಸುದ್ದಿ ತೆಗೆದ.

"ಸಾವ್ಕಾರ್ರ, ನಮ್ಮೂರ ಎಲಿ ಯಾಪಾರದವನ ಅಳಿಯಾನೂ ಹಿಂಗ ಸಿಂಗಾಪುರದಾಗ ಇದ್ದನ್ರಿ. ಕಾಗದಿಲ್ಲ, ಖಬರಿಲ್ಲ. ಹುಬ್ಬಳ್ಳಿಯಾಗ ಯಾರೋ ಗುರ್ತಿಲ್ಲದವ್ರು ರೇಡಿಯೋದಾಗ ಅವನ ಹೆಸರು ಕೇಳಿ ಒಂದ್ ಕಾರ್ಡ್ ಬರದ್ರು. ಕೈದಾಗ್ಯಾನ, ಜೀವಂತ ಅದಾನ ಅಂತ. ದುಶ್ಮನ್ ಕಡ್ಯಾವ್ರು ಸಂಜೀ ಮುಂದ ಓದತಾರಂತ್ರಿ. ಹೆಸರು, ಅಪ್ಪನ ಹೆಸರು, ಊರು, ಜಿಲ್ಲಾ."

ಅಪ್ಪ ಮೂಲೆಯಲ್ಲಿದ್ದ ರೇಡಿಯೋದ ಕಡೆ ನೋಡಿದರು. ಅದರ ಮೇಲೆ ಅವ್ವ ಹಪ್ಪಳದ ಡಬ್ಬಿ ಇಟ್ಟಿದ್ದಳು.

"ಕೇಳಾಕ ಬ್ಯಾಟರಿ ಬೇಕಲ್ಲೋ ಮಾರಾಯಾ."

"ಗಾಳಿ ಐತೆಲ್ರಿ! ಒಂದ್ ಹಳೇ ಟ್ಯಾಕ್ಸಿದು ಡೈನಮೋ ನನ್ನ ಹತ್ರ ಬಿದ್ದೇತಿ. ಮಾಳಿಗಿ ಮ್ಯಾಲ ಗಾಲಿ ನಿಲ್ಲಸೂಣು. ಗಾಳಿಗೆ ಇನ್ನ ರೇಶನ್ ಕಾರ್ಡ್ ಮಾಡಿಲ್ರಿ ಸರಕಾರ್ದವ್ರು."

ಒಳಗಿನಿಂದ ಅವ್ವ, "ಗಾಲಿ ಮುಂದ ನೀನ ಕುಂತು ಮಾತಾಡು, ತಾನ ತಿರಗತೇತಿ," ಎಂದಳು. ಮಿಸ್ತ್ರಿ ಎಲ್ಲರಿಗಿಂತ ಜೋರಾಗಿ ನಕ್ಕ. ಆದರೆ ಅವ್ವ ಹೊರಗೆ ಬಂದು ಹಪ್ಪಳದ ಡಬ್ಬಿಯನ್ನು ತೆಗೆದುಕೊಂಡು ಹೋದಳು. ಅಲ್ಲಿಗೆ ನಿರ್ಧಾರವಾದ ಹಾಗೆಯೇ.

ರೆಕ್ಕೆಗಳನ್ನು ಊರ ಬಡಿಗೇರರು ಕೆತ್ತಿಕೊಟ್ಟರು. ಮನೆಯ ಹಿಂಭಾಗದ ಮಣ್ಣಿನ ಮಾಳಿಗೆಯ ಮೇಲೆ ಮತ್ತಿಮರದ ಕಂಬ ನಿಂತಿತು. ಅದರ ತುದಿಗೆ ಗಾಲಿ, ಗಾಲಿಯ ಹಿಂದೆ ಡೈನಮೋ, ಗಾಳಿ ಬಂದ ದಿಕ್ಕಿಗೆ ಮುಖ ತಿರುಗಿಸಲು ತಗಡಿನ ಬಾಲ. ಆ ಬಾಲಕ್ಕೊಂದು ಹಗ್ಗ. ಅದನ್ನು ಎಳೆದು ಕಟ್ಟಿದರೆ ಗಾಲಿ ಗಾಳಿಗೆ ಅಡ್ಡಲಾಗಿ ನಿಂತುಬಿಡುತ್ತಿತ್ತು. ಆಷಾಢದಲ್ಲಿ ಹಗ್ಗ ಬಿಚ್ಚಿದರು. ನಮ್ಮ ಕಡೆ ಆಷಾಢದ ಗಾಳಿ ಹಂಚನ್ನು ಹಾರಿಸುತ್ತದೆ. ಗಾಲಿ ತಿರುಗಿತು, ಮಿಸ್ತ್ರಿ ಕೈಯಲ್ಲಿ ಹಿಡಿದಿದ್ದ ಮೋಟಾರಿನ ದೀಪ ಹಾಡಹಗಲಲ್ಲೇ ಹೊತ್ತಿಕೊಂಡಿತು. ಕೆಳಗೆ ನಿಂತ ಜನ ಓ ಎಂದರು. ಅಪ್ಪ ಅದೇ ಉಮೇದಿನಲ್ಲಿ ಅಡುಗೆಮನೆಗೊಂದು, ದನದ ಕೊಟ್ಟಿಗೆಗೊಂದು, ಪಡಸಾಲೆಗೊಂದು ದೀಪ ಎಂದು ಬೆರಳು ಮಡಚತೊಡಗಿದರು. ಸೀಮೆಎಣ್ಣೆ ಸಿಗದ ಕಾಲ. ನನಗೂ ಆಸೆಯಾಯಿತು; ಆ ವರ್ಷ ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಓದುತ್ತಿದ್ದೆ.

ಅವ್ವ ಒಂದೇ ಮಾತು ಹೇಳಿದಳು. "ಅವನ ಹೆಸರು ಬರೂ ತನಕಾ ಒಂದು ಹನಿ ಕರೆಂಟು ಬ್ಯಾರೆ ಕಡೆ ಹೋಗಬಾರ್ದು."

ಹನಿ ಎಂದಳು, ತುಪ್ಪದ ಬಗ್ಗೆ ಹೇಳುವಂತೆ. ಅಪ್ಪ ಮಡಚಿದ ಬೆರಳುಗಳನ್ನು ಬಿಡಿಸಿದರು. ಹೀಗಾಗಿ ಊರಿಗೆಲ್ಲ ಮೊದಲು ವಿದ್ಯುತ್ತು ಹುಟ್ಟಿದ್ದು ನಮ್ಮ ಮನೆಯಲ್ಲಿ; ಕತ್ತಲಾಗುವ ಮೊದಲೇ ಊಟ ಮುಗಿಸಿ ಹರಳೆಣ್ಣೆಯ ಒಂದು ಬತ್ತಿಯ ಮುಂದೆ ಕೂರುತ್ತಿದ್ದವರೂ ನಾವೇ. ಬೆಂಕಿಪೆಟ್ಟಿಗೆ ಇಲ್ಲದೆ ಒಮ್ಮೆ ವೈನಿ, ಅಂದರೆ ಅಣ್ಣನ ಹೆಂಡತಿ, ನನ್ನನ್ನು ಪಕ್ಕದ ಮನೆಗೆ ಕೆಂಡ ತರಲು ಕಳಿಸಿದರು. ಆ ಮನೆಯ ಮುದುಕಿ, "ಬಾರವ್ವಾ ಕರೆಂಟಿನ ಮನಿಯಾಕಿ! ಮಾಳಿಗಿ ಮ್ಯಾಲ ಮಿಂಚು ಇಟಗೊಂಡು ನಮ್ಮ ಒಲೀಗೆ ಬಂದ್ಯಾ?" ಎಂದು ಕೆಂಡದ ಜೊತೆಗೆ ಅದನ್ನೂ ಕೊಟ್ಟು ಕಳಿಸಿದಳು.

ಸಂಜೆ ಹೊತ್ತು ಮುಂಬಾಗಿಲು ಹಾಕಿಕೊಂಡು ರೇಡಿಯೋ ಹಚ್ಚುತ್ತಿದ್ದೆವು. ಶತ್ರುವಿನ ಕಡೆಯದು ಕೇಳುವುದು ತಪ್ಪು ಎಂಬ ಹೆದರಿಕೆ ಅಪ್ಪನಿಗೆ. ಆ ಮಳೆಗಾಲದಲ್ಲಿ ಚಲೇಜಾವ್ ಚಳವಳಿ ಎದ್ದು ಸುತ್ತಲಿನ ಊರುಗಳಲ್ಲಿ ತಂತಿ ಕತ್ತರಿಸಿದ್ದರು, ಪೊಲೀಸರು ಓಡಾಡುತ್ತಿದ್ದರು. ಸರಕಾರದ ಸಿಪಾಯಿಯ ಮನೆ ಎಂದು ಊರಿನ ಹುಡುಗರು ನಮ್ಮನ್ನು ದೂರ ಇಟ್ಟಿದ್ದರು. ಪೊಲೀಸರಿಗೆ ನಮ್ಮ ಮಾಳಿಗೆಯ ಮೇಲಿನ ಗಾಲಿಯ ಮೇಲೆ ಸಂಶಯ. ಎರಡೂ ಕಡೆಗೆ ನಾವು ಪರಕೀಯರಾಗಿದ್ದೆವು.

ಇನ್ನೊಂದು ತೊಡಕಿತ್ತು. ಗಾಲಿ ತಿರುಗುತ್ತಿದ್ದರೆ ರೇಡಿಯೋದಲ್ಲಿ ಬರೀ ಕರಕರ. ಡೈನಮೋದ ಕಿಡಿ ಮಾತನ್ನೆಲ್ಲ ತಿಂದುಹಾಕುತ್ತಿತ್ತು. ಕೇಳಬೇಕೆಂದರೆ ಗಾಲಿಯನ್ನು ಕಟ್ಟಬೇಕು. ಕಟ್ಟಿದರೆ ಬ್ಯಾಟರಿ ತುಂಬುವುದಿಲ್ಲ. ದಿನವೆಲ್ಲ ಗಾಳಿ ಗಳಿಸಿದ್ದನ್ನು ಸಂಜೆಯ ಸ್ವಲ್ಪ ಹೊತ್ತಿನಲ್ಲಿ ಖರ್ಚು ಮಾಡಬೇಕು, ಅಷ್ಟೇ.

ಹೆಸರು ಓದುವವನ ಭಾಷೆ ಹಿಂದೂಸ್ತಾನಿ, ಕೆಲವೊಮ್ಮೆ ಇಂಗ್ಲಿಷ್. ಅವ್ವನಿಗೆ ಎರಡೂ ಬಾರವು. ಪರದೇಶದವನ ಬಾಯಲ್ಲಿ ಮಗನ ಹೆಸರು ಹೇಗೆ ಆಗಿ ಬರುತ್ತದೋ ಎಂಬುದೇ ಅವಳ ಚಿಂತೆ.

"ನಾ ಗುರ್ತ ಹಿಡೀಲಿಲ್ಲಂದ್ರ? ಮುರದು ಹೇಳ್ರಿ. ಹೆಂಗೆಂಗ ಮುರದು ಹೇಳಬಹುದೋ ಹಂಗೆಲ್ಲಾ ಹೇಳ್ರಿ," ಎಂದು ಅಪ್ಪನನ್ನು ಕಾಡಿದಳು.

ಅಪ್ಪ ಹೆಸರನ್ನು ಉದ್ದ ಮಾಡಿ, ಗಿಡ್ಡ ಮಾಡಿ, ಮೂಗಿನಲ್ಲಿ ಮಾಡಿ ಹೇಳಿದರು. ಇಂಗ್ಲಿಷರಂತೆ ಹೇಳಿದರು, ಪಠಾಣನಂತೆ ಹೇಳಿದರು. ಅವ್ವ ಕಣ್ಣು ಮುಚ್ಚಿ ಕೇಳುತ್ತ, "ಹೂಂ, ಇದೂ ಅವನ," ಎನ್ನುತ್ತಿದ್ದಳು. ಮಾವನ ಎದುರು ಬರದ ವೈನಿ ನಡುಮನೆಯ ಬಾಗಿಲ ಮರೆಯಲ್ಲಿ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ನಗುತ್ತಿದ್ದರು ಎಂದು ಆಗ ಅಂದುಕೊಂಡಿದ್ದೆ. ಅವರು ಎಂದೂ ಆ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ. ಗಂಡನ ಹೆಸರು ಹೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಮನೆತುಂಬ ಅದನ್ನೇ ನೂರು ತರಹ ಕೂಗುತ್ತಿರುವಾಗ, ಹೇಳಬಾರದ ಒಬ್ಬರೇ ಅಲ್ಲಿ ಕೂತಿದ್ದರು.

ಶ್ರಾವಣ ಹೋಯಿತು, ಭಾದ್ರಪದ ಹೋಯಿತು. ಪಂಜಾಬಿನ ಹೆಸರುಗಳು ಬಂದವು, ಮದ್ರಾಸಿನವು ಬಂದವು. ಒಮ್ಮೆ ಬೆಳಗಾವಿ ಜಿಲ್ಲೆ ಎಂದ, ಅವ್ವ ಎದ್ದು ನಿಂತಳು, ಹೆಸರು ಯಾರದೋ. "ಯಾರ ಮಗನರ ಆಗಲಿ, ಅವರವ್ವಗ ತಿಳೀಲಿ," ಎಂದು ಮತ್ತೆ ಕೂತಳು. ಆ ಅವ್ವನಿಗೆ ಕಾರ್ಡು ಬರೆಯೋಣವೆಂದರೆ ಊರಿನ ಹೆಸರು ಕರಕರದಲ್ಲಿ ಹೋಗಿತ್ತು.

ದಿನದಿಂದ ದಿನಕ್ಕೆ ರೇಡಿಯೋದ ದನಿ ಬೇಗ ಬೇಗ ಇಳಿಯತೊಡಗಿತು. ಗಾಳಿ ಕಡಿಮೆಯಾಗಿದೆ ಎಂದುಕೊಂಡೆವು. ಅದು ಅರ್ಧ ಮಾತ್ರ ನಿಜ.

ಬ್ಯಾಟರಿಗೆ ಆಗಾಗ ನೀರು ಕುಡಿಸಬೇಕಿತ್ತು. ಅದಕ್ಕೆಂದೇ ಆವಿ ಹಿಡಿದು ಇಳಿಸಿದ ನೀರಿನ ದೊಡ್ಡ ಸೀಸೆಯನ್ನು ಅಪ್ಪ ಹಾನಗಲ್ಲಿನ ದವಾಖಾನೆಯಿಂದ ತಂದಿಟ್ಟಿದ್ದರು. ಕಮ್ಮಿಯಾದಾಗ ಇಷ್ಟೇ ಇಷ್ಟು ಹಾಕಬೇಕು, ಬೇರೆ ನೀರು ಹಾಕಬಾರದು ಎಂದು ಎಲ್ಲರಿಗೂ ಹೇಳಿದ್ದರು. ಅವ್ವನಿಗೂ ಗೊತ್ತಿತ್ತು. ಆದರೆ ನಮ್ಮ ಮನೆಯಲ್ಲಿ ರಾತ್ರಿ ಕಳೆದ ನೀರನ್ನು ಯಾವ ಒಳ್ಳೆಯ ಕೆಲಸಕ್ಕೂ ಮುಟ್ಟುತ್ತಿರಲಿಲ್ಲ. ಬೆಳಗಾದರೆ ಕೊಡಗಳನ್ನೆಲ್ಲ ಬಗ್ಗಿಸಿ ಚೆಲ್ಲಿ, ಬಾವಿಯಿಂದ ಹೊಸ ನೀರು ಸೇದಿ, ಮೊದಲ ತಂಬಿಗೆಯನ್ನು ಲಿಂಗಪೂಜೆಗೆ ಎತ್ತಿಡಬೇಕು. ಯಾವ ತಿಂಗಳೋ ಯಾರೋ ತುಂಬಿದ ಸೀಸೆಯ ನೀರು ಅವ್ವನ ಲೆಕ್ಕದಲ್ಲಿ ತಂಗಳ ನೀರು. ಮಗನ ಹೆಸರು ಬರಬೇಕಾದ ವಸ್ತುವಿಗೆ ತಂಗಳನ್ನು ಹೇಗೆ ಕೊಡುವುದು? ದಿನಾ ಮುಂಜಾನೆ ಮಿಂದು, ಪೂಜೆ ಮುಗಿಸಿ, ಉಳಿದ ಆ ಹೊಸ ನೀರನ್ನು ಬ್ಯಾಟರಿಯ ಬಾಯಿಗಳಿಗೆ ಒಂದೊಂದು ಉದ್ಧರಣೆ ಬಿಡುತ್ತಿದ್ದಳು. ಯಾರೂ ಹೇಳಿದ್ದಲ್ಲ. ಯಾರಿಗೂ ಹೇಳಲೂ ಇಲ್ಲ. ನಮ್ಮ ಬಾವಿಯ ನೀರು ಉಪ್ಪು, ಬೇಳೆ ಬೇಯದಂಥ ನೀರು.

ಇನ್ನು ಆ ಸಂಜೆಯ ಮಾತು. ಇಲ್ಲಿಂದ ಮುಂದೆ ನಾನು ಹೆಚ್ಚು ಎಚ್ಚರದಿಂದ ಬರೆಯಬೇಕು.

ದೀಪಾವಳಿ ಮುಗಿದು ಗಾಳಿ ಸತ್ತಿತ್ತು. ಸುಗ್ಗಿಯ ಮುಂದಿನ ಮೋಡ ಮುಚ್ಚಿ ತುಂತುರು ಹನಿದ ದಿನ. ಅಪ್ಪ ಗಾಲಿಯನ್ನು ಮಧ್ಯಾಹ್ನವೇ ಕಟ್ಟಿಬಿಟ್ಟಿದ್ದರು. ಸಂಜೆ ರೇಡಿಯೋ ಹಚ್ಚಿದರೆ ದನಿ ಬಾವಿಯ ತಳದಿಂದ ಬಂದಂತಿತ್ತು. ಹೆಸರುಗಳನ್ನು ಓದುತ್ತಿದ್ದ. "ಜಿಲಾ ಧಾರವಾಡ" ಎಂದ ಎಂದು ನನ್ನ ನೆನಪು. ಅಪ್ಪ ಹಾಗೆ ಅಂದನೆಂದು ಒಪ್ಪುತ್ತಿರಲಿಲ್ಲ. ಅವರ ಪ್ರಕಾರ ಅವನು ಅಂದದ್ದು ಬರೀ "ಬಂಬಯಿ". ಏನೇ ಇರಲಿ, ಅಷ್ಟರಲ್ಲಿ ದನಿ ಇಳಿಯಿತು. ಅದೇ ಗಳಿಗೆಗೆ ಹೊರಗೆ ಹಿತ್ತಲ ಬಾಗಿಲು ಧಡ್ ಎಂದು ಬಡಿಯಿತು. ಗಾಳಿ!

"ಬಂತು, ಬಂತ್ರೀ! ಬಿಚ್ರಿ ಹಗ್ಗಾ!" ಎಂದು ಅವ್ವ ಕೂಗಿಕೊಂಡು ಹಿತ್ತಲಿಗೆ ಓಡಿದಳು. ಗಾಲಿ ತಿರುಗಿದರೆ ಕರಕರ ಬರುತ್ತದೆಂಬುದು ಎಲ್ಲರಿಗೂ ಗೊತ್ತು. ಆದರೆ ದನಿಯೇ ಇಲ್ಲದಾಗ ಕರಕರದ ಚಿಂತೆ ಯಾರಿಗೆ? ಅಪ್ಪನ ಮೊಣಕಾಲು ನೋಯುತ್ತಿತ್ತು. ನಾನು ಏಣಿ ಹಿಡಿದೆ. ಅವರು ಏರಿದರು, ನೆನೆದ ಹಗ್ಗ ಬಿಗಿದುಕೊಂಡು ಬಿಚ್ಚಲೊಲ್ಲದು. ಅವ್ವ ಕೆಳಗೆ ನಿಂತು, "ಹಲ್ಲಿಲೆ ಬಿಚ್ರಿ, ಹಲ್ಲಿಲೆ!" ಎನ್ನುತ್ತಿದ್ದಳು. ಕೊನೆಗೆ ಬಿಚ್ಚಿತು. ಗಾಲಿ ಎರಡು ಸುತ್ತು ಹೊಯ್ದಾಡಿ ಓಡತೊಡಗಿತು. ಒಳಗೆ ರೇಡಿಯೋ ಒಮ್ಮೆಲೆ ಕರಕರ ಎಂದದ್ದು ಹಿತ್ತಲಿಗೂ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ಒಳಗೆ ಬಂದಾಗ ವೈನಿ ನಡುಮನೆಯ ಬಾಗಿಲ ಮರೆಯಲ್ಲಿರಲಿಲ್ಲ. ಪಡಸಾಲೆಗೆ ಬಂದು ರೇಡಿಯೋದ ಎದುರು ನಿಂತಿದ್ದರು, ಕಿವಿಯನ್ನು ಅದರ ದನಿ ಬರುವ ಬಟ್ಟೆಗೆ ಹಚ್ಚಿ. ತಲೆಯ ಮೇಲೆ ಸೆರಗಿರಲಿಲ್ಲ. ಮಾವ ಬಂದದ್ದು ಕಂಡರೂ ಕೂಡಲೇ ಸರಿಯಲಿಲ್ಲ.

"ಬಂತೇನ?" ಎಂದಳು ಅವ್ವ.

ವೈನಿ ಸೆರಗು ಎಳೆದುಕೊಂಡರು.

"ಏನ್ ಅಂದಾ? ಅವನ ಹೆಸರು ಬಂತೇನ? ಬಾಯಿ ಬಿಡು!"

"ಏನಿಲ್ಲ ಬಿಡ್ರಿ ಅತ್ತಿ. ಖರಖರ ಅಂತು, ಬಂದ್ ಆತು," ಎಂದು ವೈನಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಅಂದು ಆ ಸದ್ದು ಎಂದಿಗಿಂತ ಜೋರಾಗಿತ್ತು ಎಂದು ಬರೆಯಲು ಕೈ ತುರಿಸುತ್ತದೆ. ಬರೆಯುವುದಿಲ್ಲ, ಅದು ನನಗೆ ನೆನಪಿಲ್ಲ, ನನಗೆ ಬೇಕಾಗಿದೆ.

ಗಾಳಿ ಎರಡು ದಿನ ಬೀಸಿತು. ಗಾಲಿ ತಿರುಗಿತು. ಬ್ಯಾಟರಿ ತುಂಬಲಿಲ್ಲ. ಮಿಸ್ತ್ರಿಯನ್ನು ಕರೆಸಿದರು. ಅವನು ಬಿರಡೆ ಬಿಚ್ಚಿ, ಒಳಗೆ ಇಣುಕಿ, ಬೆರಳು ಅದ್ದಿ ಮೂಸಿ, ಅಂಗಳದ ಆಚೆ ಅಪ್ಪನನ್ನು ಕರೆದ. ಈ ಮಾತನ್ನು ನಾನು ಅಲ್ಲೇ ನಿಂತು ಕೇಳಿದೆನೋ, ಮುಂದೆ ಅಪ್ಪ ಹೇಳಿದ್ದನ್ನು ಕೇಳಿದಂತೆ ಮಾಡಿಕೊಂಡೆನೋ, ಹೇಳಲಾರೆ.

"ಇದಕ್ಕ ಬಾವಿ ನೀರು ಯಾರ್ ಹಾಕ್ಯಾರ್ರಿ? ಬಾಯಿ ತನಕಾ ತುಂಬೇತಿ. ಒಳಗ ಎಲ್ಲಾ ಬೆಳ್ಳಗ ಉಪ್ಪಾಗಿ ಕುಂತೇತಿ. ಇದು ಈಗ ಬ್ಯಾಟರಿ ಅಲ್ರಿ, ಉಪ್ಪಿನಕಾಯಿ ಭರಣಿ."

ಅಪ್ಪ ನಗಲಿಲ್ಲ. "ಹೊಸಾದು ಸಿಗತೇತೇನು?"

"ಲಡಾಯಿ ಮುಗೀಲಿರಿ. ಈಗ ಎಲ್ಲಾ ಮಿಲಿಟ್ರಿಗೆ."

ಅಷ್ಟರಲ್ಲಿ ಅವ್ವ ಅವನಿಗೆ ಚಹಾ ಹಿಡಿದುಕೊಂಡು ಹೊರಗೆ ಬಂದಳು. "ಏನಾಗೇತಂತ? ದಿನಾ ನಾ ಎಷ್ಟು ಜ್ವಾಪಾನ ಮಾಡೇನಿ," ಎಂದಳು. ಮಿಸ್ತ್ರಿ ಬಾಯಿ ತೆರೆದ. ಅಪ್ಪ ಅವನ ಕೈಯ ಮೇಲೆ ಕೈ ಇಟ್ಟರು.

"ಗಾಳಿ ಸಾಲವಲ್ದಂತ," ಎಂದರು ಅಪ್ಪ.

ಮಾತಿನಮಲ್ಲ ಮಿಸ್ತ್ರಿ ಆ ದಿನ ಚಹಾ ಕುಡಿದು ಸುಮ್ಮನೆ ಹೋದ. ಬಾಗಿಲಲ್ಲಿ ಮಾತ್ರ, "ಹೌದ್ರಿ ಅವ್ವಾರ, ಗಾಳಿ ಸಾಲವಲ್ದು," ಎಂದ.

ಅಲ್ಲಿಂದ ಅವ್ವ ಗಾಳಿಯನ್ನು ಕಾಯತೊಡಗಿದಳು. ಕಣದಲ್ಲಿ ಭತ್ತ ತೂರುವವರು ಗಾಳಿಗಾಗಿ ಮೊರ ಹಿಡಿದು ನಿಂತಿದ್ದರೆ, ಇವಳು ಹಿತ್ತಲಲ್ಲಿ ಬರಿಗೈಯಲ್ಲಿ ನಿಂತಿರುತ್ತಿದ್ದಳು. ಮುಂದಿನ ಆಷಾಢ ಬಂತು; ಗಾಲಿ ಹುಚ್ಚು ಹಿಡಿದಂತೆ ತಿರುಗಿತು; ರೇಡಿಯೋ ಮಾತಾಡಲಿಲ್ಲ. "ಇನ್ನ ಸಾಲದೇನು?" ಎಂದು ಅಪ್ಪನನ್ನು ಕೇಳಿದಳು. "ಇನ್ನಷ್ಟು ಬೇಕು," ಎಂದರು ಅಪ್ಪ. ಮುಂಜಾನೆಯ ಒಂದು ಉದ್ಧರಣೆ ನೀರನ್ನು ಅವಳು ಬಿಡಲಿಲ್ಲ, ಅಪ್ಪ ಬಿಡಿಸಲಿಲ್ಲ. ಬ್ಯಾಟರಿಯ ಬಾಯಿಂದ ನೀರು ಹೊರಗೆ ಹರಿದು ಪಡಸಾಲೆಯ ನೆಲದಲ್ಲಿ ಒಂದು ಬಿಳಿಯ ಕಲೆಯಾಯಿತು. ಅಪ್ಪನದು ಕರುಣೆಯೋ ಹೇಡಿತನವೋ? ಮಗನ ದನಿಯ ದಾರಿಯನ್ನು ನಾನೇ ಮುಚ್ಚಿದೆ ಎಂದು ತಿಳಿದು ಬದುಕುವುದಕ್ಕಿಂತ, ಅವ್ವ ಬೀಸದ ಗಾಳಿಯನ್ನು ಬೈಯುತ್ತ ಬದುಕುವುದು ಮೇಲೆಂದು ಅವರು ಎಣಿಸಿರಬೇಕು. ನನಗೆ ಒಂದೊಂದು ದಿನ ಒಂದೊಂದು ತೋರುತ್ತದೆ.

ಯುದ್ಧ ಮುಗಿಯಿತು. ಎಲೆ ವ್ಯಾಪಾರಿಯ ಅಳಿಯ ಎಲುಬಿನ ಗೂಡಾಗಿ ಸವಣೂರಿಗೆ ಮರಳಿದನೆಂದು ಕೇಳಿದೆವು. ನಮ್ಮವನು ಬರಲಿಲ್ಲ. ಕಾಣೆಯಾಗಿದ್ದಾನೆ, ಸತ್ತಿರಬಹುದೆಂದು ತಿಳಿಯಬೇಕು ಎಂದಷ್ಟೇ ಸರಕಾರ ಹೇಳಿತು. ಯಾವಾಗ, ಎಲ್ಲಿ, ಕೈದಿಯಾಗಿದ್ದನೇ ಇಲ್ಲವೇ, ಯಾವುದೂ ಇಲ್ಲ. ಅವ್ವ ಅದನ್ನು ನಂಬಲಿಲ್ಲ. ನಾನು ಧಾರವಾಡಕ್ಕೆ ಓದಲು ಹೋದ ಎರಡನೆಯ ವರ್ಷ ತೀರಿಕೊಂಡಳು. ಆಷಾಢವೇ. ಮಾಳಿಗೆಯ ಮೇಲೆ ಮುರಿದ ಗಾಲಿ ಕಿರುಗುಟ್ಟುತ್ತಿತ್ತು. "ಯಾಡ್ ದಿನಾ ಬಿಡಬ್ಯಾಡಪಾ, ಹಿಂಗ ಬೀಸು," ಎಂದು ಯಾರಿಗೋ ಹೇಳಿದಳು. ನಾನು ಅಲ್ಲಿರಲಿಲ್ಲ, ಇದು ಅಪ್ಪ ಹೇಳಿದ್ದು.

ವೈನಿ ಆ ಸಂಜೆಯ ಮೇಲೆ ರೇಡಿಯೋದ ಹತ್ತಿರ ಸುಳಿದಿರಲಿಲ್ಲ. ಅಂಚೆಯವನು ಬಂದರೂ ಬಾಗಿಲಿಗೆ ಬರುತ್ತಿರಲಿಲ್ಲ. ಅದಕ್ಕೆ ಮೊದಲು ಬರುತ್ತಿದ್ದರು, ಅದನ್ನು ನಾನು ಬಲ್ಲೆ, ಕಾಗದ ಇಸಿದುಕೊಳ್ಳಲು ನಮ್ಮಿಬ್ಬರಿಗೆ ಪೈಪೋಟಿ ಇರುತ್ತಿತ್ತು. ಕೇಳಿದ್ದು ಒಳ್ಳೆಯದಾಗಿದ್ದರೆ ಅತ್ತೆಗೆ ಹೇಳದೆ ಇರುತ್ತಿದ್ದರೇ? ಕೆಟ್ಟದ್ದಾಗಿದ್ದರೆ, ಮುಂದೆ ಅಷ್ಟು ವರ್ಷ ಬಳೆ ಕುಂಕುಮ ಇಟ್ಟುಕೊಂಡೇ ಅವ್ವನ ಎದುರು ಓಡಾಡಿದ್ದು ಯಾರ ಸಲುವಾಗಿ? ಅಥವಾ ನಿಜವಾಗಿಯೂ ಬರೀ ಕರಕರ ಕೇಳಿಸಿತ್ತು, ಉಳಿದದ್ದೆಲ್ಲ ನಾನು ಹೆಣೆದದ್ದು.

ಅವ್ವ ಹೋದ ಮೇಲೆ ವೈನಿ ಹಿರೇಕೆರೂರಿನ ಕಡೆಯ ತಮ್ಮ ತವರಿಗೆ ಹೋದರು. ಬಿ.ಎ. ಮುಗಿಸಿದ ವರ್ಷ ನಾನು ಅಲ್ಲಿಗೆ ಹೋಗಿದ್ದೆ. ಅಷ್ಟು ಹೊತ್ತಿಗೆ ಕುಂಕುಮವಿರಲಿಲ್ಲ. ಶೇಂಗಾ ಒಡೆಯುತ್ತ ಜಗುಲಿಯಲ್ಲಿ ಕೂತಿದ್ದರು. "ಬಾ, ಸಾಲೀ ಕಲ್ತಾಕಿ. ಬರೀ ಓದಿ ಓದಿ ಬೆನ್ನು ಬಾಗೇತಲ್ಲ," ಎಂದು ನಕ್ಕರು, ನನ್ನ ಮುಂದೂ ಒಂದು ಬೊಗಸೆ ಹಾಕಿದರು. ಅವ್ವನ ಮಾತು ಬಂತು, ಅಪ್ಪನ ಮೊಣಕಾಲಿನ ಮಾತು ಬಂತು, ಗಾಲಿಯ ಕಂಬವನ್ನು ದನ ಕಟ್ಟಲು ಹೂಳಿದ ಮಾತೂ ಬಂತು. ಅಲ್ಲಿಯವರೆಗೆ ಬಂದ ಮೇಲೆ ನಾನು ತಡೆದುಕೊಳ್ಳಲಿಲ್ಲ. ಅವರಿಗೆ ಹೇಳಬಾರದಾಗಿದ್ದ ಅಣ್ಣನ ಹೆಸರನ್ನು ನಾನೇ ಬಾಯಿಬಿಟ್ಟು ಹೇಳಿ ಕೇಳಿದೆ. ಅವರು ಶೇಂಗಾದ ಸಿಪ್ಪೆಯನ್ನು ಊದಿ ಹಾರಿಸಿ, ಇನ್ನೊಂದನ್ನು ಕೈಗೆತ್ತಿಕೊಂಡರು. ಆಮೇಲೆ ಎರಡು ಸಲ ಹೋಗಿದ್ದೇನೆ. ಹೆಸರೊಂದನ್ನು ಬಿಟ್ಟರೆ, ಅಂದು ನಾನು ಕೇಳಿದ್ದು ಇಷ್ಟೇ:

"ವೈನಿ, ನಾವು ಹಗ್ಗಾ ಬಿಚ್ಚೂ ಹೊತ್ತಿನ್ಯಾಗ ನಿಮಗ ಏನ್ ಕೇಳಿಸ್ತ್ರಿ?"